ಅದು ಆಹಾರವಲ್ಲ, ಡಾಕ್ಟ್ರೇ!

"ಕುಡೀರಿ!"

ಅವಳು ಗಾಜಿನ ಲೋಟವನ್ನು ಮೇಜಿನ ಮೇಲೆ ಟಕ್ಕೆಂದು ಇಟ್ಟ ಸದ್ದಿಗೆ, ವಿಮಾ ಕಂಪನಿಯ ಆ ಉದ್ದನೆಯ ಹಾಲ್‌ನಲ್ಲಿ ಟೈಪ್ ಮಾಡುತ್ತಿದ್ದ ಬೆರಳುಗಳೆಲ್ಲ ಒಮ್ಮೆಲೇ ನಿಂತವು.

ಲೋಟದಲ್ಲಿ ಬೂದುಬಣ್ಣದ ಮಂದ ದ್ರವ. ಮೇಲೆ ನೊರೆ. ಹಳೇ ಬಣ್ಣದ ಡಬ್ಬಿಯ ಮುಚ್ಚಳ ತೆರೆದಂಥ ವಾಸನೆ. ಪಕ್ಕದ ಮೇಜಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಮೇಜಿನ ಆಚೆ ಕುಳಿತಿದ್ದವನು ತಲೆ ಎತ್ತಿದ. ಮೂವತ್ತೈದರ ಆಸುಪಾಸು. ಕನ್ನಡಕ, ಇಸ್ತ್ರಿ ಕಾಣದ ಶರ್ಟು, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ರೋಗಿಗಳ ಅರ್ಜಿ ಓದಿ, ವಿಮೆಯ ಹಣ ಕೊಡಬಹುದೋ ಇಲ್ಲವೋ ಎಂದು ಸಹಿ ಹಾಕುವ ಡಾಕ್ಟರು ಅವನೇ.

"ಏನಿದು, ಮೇಡಂ?"

"ಆಹಾರ! ನೀವೇ ತಾನೆ ಬರೆದಿರೋದು? 'ಇದು ಆಹಾರ, ಔಷಧಿಯಲ್ಲ, ಆದ್ದರಿಂದ ವಿಮೆ ಅನ್ವಯಿಸುವುದಿಲ್ಲ.' ಕೆಳಗೆ ಚೆಂದದ ಸಹಿ ಬೇರೆ. ಊಟದ ಹೊತ್ತಾಯ್ತಲ್ಲ, ಊಟ ಮಾಡಿ!"

ಬಾಗಿಲ ಕಾವಲಿನವನು ಓಡಿ ಬಂದ. "ಮೇಡಂ, ಹೊರಗೆ ನಡೀರಿ..."

"ಇರಲಿ ಬಿಡಿ," ಎಂದ ಡಾಕ್ಟರು ಕೈ ಅಡ್ಡ ಹಿಡಿದು.

ಅವನು ಲೋಟ ಎತ್ತಿಕೊಂಡ. ಮೂಸಿದ. ಒಂದು ಕ್ಷಣ ಅವಳ ಮುಖ ನೋಡಿದ.

'ಒಂದು ಗುಟುಕಿಗೇ ಉಗುಳ್ತಾನೆ ನೋಡು...' ಅವಳು ಕೈಕಟ್ಟಿ ನಿಂತು ಕಾಯುತ್ತಿದ್ದಳು.

ಅವನು ಉಗುಳಲಿಲ್ಲ. ಗಟಗಟನೆ, ಕಡೆಯ ತೊಟ್ಟಿನವರೆಗೂ ಕುಡಿದ! ಕಣ್ಣಲ್ಲಿ ನೀರು ತುಂಬಿತು, ಕುತ್ತಿಗೆಯ ನರ ಉಬ್ಬಿತು. ಆದರೂ ಖಾಲಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

"ದಿನಕ್ಕೆ ಎಷ್ಟು ಸಲ ಕುಡೀತೀರಿ?" ಅವನ ದನಿ ಗೊಗ್ಗರಾಗಿತ್ತು.

"ಮೂರು ಸಲ. ಹುಟ್ಟಿದಾಗಿನಿಂದ."

"ಇದು ಆಹಾರ ಅಲ್ಲ."

"ಹಾಗಂತ ಬರೆದುಕೊಡಿ!"

ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಒಮ್ಮೆ ಸಹಿ ಬಿದ್ದಮೇಲೆ ನನ್ನ ಕೈಲಿಲ್ಲ ಮೇಡಂ. ನೀವು ಮೇಲ್ಮನವಿ ಹಾಕ್ಬೇಕು."

"ಓಹೋ! ಉಗುಳಿದ್ದು ನೀವು, ಒರೆಸೋಕೆ ನಾನಾ?"

ಲೋಟ ಕಸಿದುಕೊಂಡು ಅವಳು ದಡದಡನೆ ಮೆಟ್ಟಿಲಿಳಿದಳು. ಬೀದಿ ಬದಿ ನಿಲ್ಲಿಸಿದ್ದ ತನ್ನ ಹಳದಿ ಕಾರಿನಲ್ಲಿ ಕುಳಿತ ಮೇಲೂ ಅವಳ ಎದೆ ಹೊಡೆದುಕೊಳ್ಳುತ್ತಲೇ ಇತ್ತು.

ಸಿಟ್ಟಿನಿಂದಲೇ... ಅಂದುಕೊಂಡಳು. ಆದರೆ ಸಿಟ್ಟಿನ ನಡುವೆ ಇನ್ನೊಂದು ಯೋಚನೆ ನುಸುಳಿತು. ಹಿಂದೊಮ್ಮೆ ಅವಳನ್ನು ನೋಡಲು ಬಂದಿದ್ದ ಹುಡುಗ, ಅಡುಗೆಮನೆಯಿಂದ ಬಂದ ಈ ವಾಸನೆಗೇ ಕುರ್ಚಿ ಹಿಂದಕ್ಕೆ ಸರಿಸಿದ್ದ. ಮನೆಯವರನ್ನು ಬಿಟ್ಟು ಇದನ್ನು ಪೂರ್ತಿ ಕುಡಿದವರು ಯಾರೂ ಇರಲಿಲ್ಲ.

ಇವತ್ತಿನವರೆಗೆ.

"ಹಾಳಾಗಿ ಹೋಗ್ಲಿ, ಸಹಿ ಡಾಕ್ಟ್ರು!" ಎಂದು ಬೈದು ಗೇರ್ ಹಾಕಿದಳು.

*

ಅವಳು ಡ್ರೈವಿಂಗ್ ಟೀಚರ್. ಅವಳ ಶಾಲೆಗೆ ಇದ್ದದ್ದು ಒಂದೇ ಕಾರು, ಒಬ್ಬಳೇ ಟೀಚರ್. ಕಲಿಯಲು ಬರುವವರಲ್ಲಿ ಹೆಚ್ಚಿನವರು ಹೆಂಗಸರು. ಅವರೆಲ್ಲ ಅವಳನ್ನು ಟೀಚರಮ್ಮ ಎನ್ನುತ್ತಿದ್ದರು.

ಅವಳ ಕಾಯಿಲೆಯ ಪೂರ್ತಿ ಹೆಸರು ಹೇಳಲು ನಾಲಿಗೆ ತಿರುಚಬೇಕು. ಡಾಕ್ಟರುಗಳು ಪಿ.ಕೆ.ಯು. ಎನ್ನುತ್ತಾರೆ. ಸಾವಿರಾರು ಜನರಲ್ಲಿ ಒಬ್ಬರಿಗೆ, ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಇಳಿದು ಬರುವ ಕಾಯಿಲೆ. ಹಾಲು, ಕಾಳು, ಮೊಟ್ಟೆ, ಮೀನು, ಎಲ್ಲದರಲ್ಲೂ ಇರುವ ಪ್ರೋಟೀನಿನ ಒಂದು ಅಂಶವನ್ನು ಅವಳ ದೇಹ ಅರಗಿಸಲಾರದು. ಅರಗದ ಆ ಅಂಶ ರಕ್ತದಲ್ಲಿ ಸೇರಿ ಸೀದಾ ಮಿದುಳಿಗೆ ಏರುತ್ತದೆ. ಅದಕ್ಕೇ ಆ ಅಂಶ ತೆಗೆದ, ನೀರಲ್ಲಿ ಕದಡಿ ಕುಡಿಯುವ ಪುಡಿಯೊಂದೇ ಅವಳ ದೇಹಕ್ಕೆ ಆಧಾರ.

ಪುಡಿ ಇಲ್ಲದಿದ್ದರೆ ಏನಾಗುತ್ತದೆ ಎಂದು ಅವಳಿಗೆ ಯಾವ ಡಾಕ್ಟರೂ ಹೇಳಬೇಕಾಗಿರಲಿಲ್ಲ. ಅದು ಅವಳ ಮನೆಯಲ್ಲೇ ಕುಳಿತಿತ್ತು.

ಅಣ್ಣ.

ಅವನು ಹುಟ್ಟಿದಾಗ ಯಾರೂ ರಕ್ತ ಪರೀಕ್ಷೆ ಮಾಡಿರಲಿಲ್ಲ. ಕಾಯಿಲೆ ಗೊತ್ತಾಗುವ ಹೊತ್ತಿಗೆ ಹೊತ್ತು ಮೀರಿತ್ತು. ಈಗ ಅವನ ತಲೆಯಲ್ಲಿ ಅಲ್ಲಲ್ಲಿ ನರೆಗೂದಲು, ಬಾಯಲ್ಲಿ ಬೆರಳೆಣಿಕೆಯ ಮಾತು. ಬಟ್ಟೆ ಹೊಲಿಯುವ ಅಮ್ಮನ ಪಕ್ಕದಲ್ಲಿ ಕುಳಿತು ದಿನವಿಡೀ ಗುಂಡಿಗಳನ್ನು ಬಣ್ಣಬಣ್ಣವಾಗಿ ಬೇರೆ ಮಾಡುತ್ತಾನೆ. ತಂಗಿಯ ಕಾರಿನ ಹಾರ್ನ್ ಅಂದರೆ ಅವನಿಗೆ ಪ್ರಾಣ. ತಂಗಿಯ ಹೆಸರೇ ಅವನ ಬಾಯಲ್ಲಿ 'ಪೀಂ'!

ಅವನಿಂದಾಗಿಯೇ ಅವಳು ಉಳಿದಳು. ಅವನಿಗೆ ಹೀಗಾದ ಕಾರಣಕ್ಕೆ ಅವಳು ಹುಟ್ಟಿದ ಕೂಡಲೇ ರಕ್ತ ಪರೀಕ್ಷೆ ಆಯಿತು, ಬಾಯಿಗೆ ಪುಡಿ ಬಿತ್ತು.

"ಏನಂದ್ರು?" ಎಂದಳು ಅಮ್ಮ, ಸೂಜಿಗೆ ದಾರ ಪೋಣಿಸುತ್ತ. ಅಪ್ಪ ಬದುಕಿದ್ದಾಗ ಮಾಡಿಸಿದ್ದ ವಿಮೆ ಅದು. ಇಷ್ಟು ವರ್ಷ ಪುಡಿಯ ಖರ್ಚು ಕೊಡುತ್ತಿದ್ದವರು ಇದ್ದಕ್ಕಿದ್ದಂತೆ ನಿಲ್ಲಿಸಿದ್ದರು.

"ಮೇಲ್ಮನವಿ ಹಾಕಬೇಕಂತೆ."

"ಹಾಕ್ತೀಯಾ?"

"ಹಾಕದೆ? ಅವರ ಕಂಪನಿ ಬಾಗಿಲು ತೆಗೆಯೋವರೆಗೂ ಹಾರ್ನ್ ಹೊಡೀತೀನಿ!"

"ಪೀಂ!" ಎಂದು ಅಣ್ಣ ನಕ್ಕ.

*

ಆ ವಾರವೇ ಒಂದು ಮುಂಜಾನೆ, ತರಬೇತಿ ಮೈದಾನದ ಗೇಟಿನ ಹತ್ತಿರ ನಿಂತಿದ್ದವನನ್ನು ನೋಡಿ ಅವಳು ಹುಬ್ಬು ಗಂಟಿಕ್ಕಿದಳು. ಸಹಿ ಡಾಕ್ಟ್ರು!

"ಕಾರ್ ಕಲೀಬೇಕಿತ್ತು."

"ಊರಲ್ಲಿ ಬೇರೆ ಶಾಲೆ ಇಲ್ವಾ?"

"ಇವೆ. ಆದ್ರೆ ಅವತ್ತು ನಿಮ್ಮ ಕಾರಿನ ಮೇಲಿನ ಬೋರ್ಡ್ ನೋಡಿದೆ. 'ಹೆದರುವವರಿಗೆ ವಿಶೇಷ ಗಮನ' ಅಂತ ಇತ್ತು. ನಂಗೆ ಹೆದರಿಕೆ ಜಾಸ್ತಿ."

"ನೀವು ನಮ್ಮ ಶಾಲೆಯ ವ್ಯಾಪ್ತಿಗೆ ಬರೋದಿಲ್ಲ. ಬೇಕಿದ್ರೆ ಮೇಲ್ಮನವಿ ಹಾಕ್ಕೊಳ್ಳಿ!"

ಕಾರಿನಲ್ಲಿ ಕುಳಿತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅವನು ಕಿವಿಯವರೆಗೂ ಕೆಂಪಾಗಿ ತಲೆಯಾಡಿಸಿ ಹೊರಟುಹೋದ.

ಮಾರನೇ ದಿನ ಮತ್ತೆ ಬಂದ. ಅದರ ಮಾರನೇ ದಿನವೂ ಬಂದ.

"ಯಾಕ್ರೀ ಹೀಗೆ ಬೆನ್ನು ಹತ್ತಿದೀರಿ?"

"ಕಲಿಯೋದು ಒಂದು ಕಾರಣ. ಇನ್ನೊಂದು... ಆ ಕಾಯಿಲೆ ಬಗ್ಗೆ ನಾನು ಓದಿದ್ದು ಒಂದು ಪುಟ. ನೀವು ಬದುಕಿರೋದು ಒಂದು ಜೀವನ. ಮೇಲ್ಮನವಿ ಬಂದಾಗ ನನ್ನ ಅಭಿಪ್ರಾಯ ಮತ್ತೆ ಕೇಳ್ತಾರೆ. ಈ ಸಲ ತಿಳ್ಕೊಂಡು ಬರೀಬೇಕು ಅಂತಿದೀನಿ."

ಅವಳು ಅವನನ್ನೇ ದಿಟ್ಟಿಸಿದಳು. ಸುಳ್ಳಿನ ಎಳೆ ಹುಡುಕಿದಳು. ಸಿಗಲಿಲ್ಲ.

"ಹತ್ತಿ. ಆದ್ರೆ ಕ್ಲಚ್ ಸುಟ್ಟರೆ ಸುಮ್ನಿರಲ್ಲ!"

ಅವನು ನಿಜಕ್ಕೂ ಹೆದರುಪುಕ್ಕ. ಸ್ಟೇರಿಂಗನ್ನು ಮುಳುಗುವವನು ಹಲಗೆ ಹಿಡಿದಂತೆ ಹಿಡಿಯುತ್ತಿದ್ದ. ಕಾರು ಕುಪ್ಪಳಿಸಿ ನಿಂತಾಗಲೆಲ್ಲ ಕಾರಿಗೇ "ಸಾರಿ" ಎನ್ನುತ್ತಿದ್ದ.

"ಮುಂದೆ ನೋಡಿ ಡಾಕ್ಟ್ರೇ! ನನ್ನ ಮುಖದಲ್ಲಿ ರಸ್ತೆ ಇಲ್ಲ!"

"ಸಾರಿ, ಮೇಡಂ..."

ದಿನ ಕಳೆದಂತೆ ಮಾತು ಬೆಳೆಯಿತು. ಅವಳಿಗೆ ಯಾವ ತರಕಾರಿ ಎಷ್ಟು ಸೇರುತ್ತದೆ, ಪುಡಿ ತಪ್ಪಿದರೆ ತಲೆಗೆ ಹೇಗೆ ಮಂಜು ಕವಿಯುತ್ತದೆ... ಅವನು ಕೇಳುತ್ತಿದ್ದ. ಅಯ್ಯೋ ಪಾಪ ಎಂದು ಒಮ್ಮೆಯೂ ಅನ್ನಲಿಲ್ಲ. ಅದೇ ಅವಳಿಗೆ ಹಿಡಿಸಿದ್ದು.

ಒಮ್ಮೆ ಅವಳೇ ಕೇಳಿದಳು. "ಓದಿರೋದು ಡಾಕ್ಟರಿಕೆ. ರೋಗಿಗಳನ್ನ ಬಿಟ್ಟು ಕಾಗದ ಯಾಕೆ ನೋಡ್ತಾ ಕೂತಿದೀರಿ?"

ಅವನು ಕಾರನ್ನು ಬದಿಗೆ ನಿಲ್ಲಿಸಿದ. ಆ ದಿನ ಮೊದಲ ಸಲ, ಕುಪ್ಪಳಿಸದೆ ನಿಂತಿತು.

"ಮಕ್ಕಳ ವಾರ್ಡಲ್ಲಿದ್ದೆ. ಕೆಲವು ಮಕ್ಕಳು ಮನೆಗೆ ಹೋಗ್ಲಿಲ್ಲ. ಅವರ ಅಮ್ಮಂದಿರ ಎದುರು ನಿಲ್ಲೋದು ನನ್ನಿಂದ ಆಗ್ಲಿಲ್ಲ. ಕಾಗದ ವಾಸಿ ಅನ್ನಿಸ್ತು... ಕಾಗದ ಅಳಲ್ಲ."

"ಕಾಗದ ಅಳಲ್ಲ ಡಾಕ್ಟ್ರೇ. ಅದು ಕೈಗೆ ಬಂದೋರು ಅಳ್ತಾರೆ. ಅದು ನಿಮಗೆ ಕೇಳಿಸಲ್ಲ, ಅಷ್ಟೆ."

ಅವನು ಮತ್ತೆ ಗೇರ್ ಹಾಕಿದ, ಕಾರು ಕುಪ್ಪಳಿಸಿತು.

ಸಂಜೆಯ ಪಾಠಕ್ಕೆ ಅಣ್ಣನೂ ಹಿಂದಿನ ಸೀಟಿನಲ್ಲಿ ಬರುತ್ತಿದ್ದ. ಪಾಠ ಮುಗಿದ ಮೇಲೆ ಡಾಕ್ಟರು ಅವನನ್ನು ಮುಂದೆ ಕೂರಿಸಿ ಹಾರ್ನ್ ಒತ್ತಲು ಬಿಡುತ್ತಿದ್ದ. ಅಣ್ಣ ಒಂದು 'ಪೀಂ' ಅಂದರೆ ಇವನು ಎರಡು 'ಪೀಂ' ಅನ್ನುತ್ತಿದ್ದ. ಇಬ್ಬರೂ ನಗುತ್ತಿದ್ದರು, ಒಂದೇ ವಯಸ್ಸಿನ ಮಕ್ಕಳ ಹಾಗೆ!

ಅವಳು ದೂರ ನಿಂತು ನೋಡುತ್ತಿದ್ದಳು. 'ಬೇಡ ಕಣೇ, ಬೇಡ... ಇವನು ಆ ಕಡೆಯವನು,' ಎಂದು ಮನಸ್ಸಿಗೆ ಗದರುತ್ತಿದ್ದಳು. ಮನಸ್ಸು ಕೇಳಿದರೆ ತಾನೆ!

*

ಮೇಲ್ಮನವಿಯ ವಿಚಾರಣೆ ಮುಂದೆ ಮುಂದೆ ಹೋಗುತ್ತಿತ್ತು. ಕಪಾಟಿನಲ್ಲಿ ಪುಡಿಯ ಡಬ್ಬಿಗಳು ಕರಗುತ್ತಿದ್ದವು.

ಅವಳು ಅಮ್ಮನಿಗೆ ಗೊತ್ತಾಗದಂತೆ ಅರ್ಧ ಅಳತೆಗೆ ಇಳಿದಳು. 'ಸ್ವಲ್ಪ ದಿನ ತಾನೆ... ತಡ್ಕೋತೀನಿ.'

ದೇಹ ತಡೆದುಕೊಳ್ಳಲಿಲ್ಲ. ಸಣ್ಣ ಮಾತಿಗೂ ಸಿಡುಕತೊಡಗಿದಳು. ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದಳು. ಬೀಗದ ಕೈ ಹಾಕುವಾಗ ಬೆರಳು ನಡುಗುತ್ತಿತ್ತು.

ಆ ದಿನ ಡಾಕ್ಟರು ಮಾರುಕಟ್ಟೆಯ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದ. ಅಡ್ಡಬೀದಿಯಿಂದ ಸೈಕಲ್ ತಳ್ಳಿಕೊಂಡು ಹೆಂಗಸೊಬ್ಬಳು ಎದುರಿಗೆ ಬಂದಳು. ಅವನು ಗಾಬರಿಯಲ್ಲಿ ಮರಗಟ್ಟಿದ. ಟೀಚರ್ ಕಾಲಡಿಯ ಇನ್ನೊಂದು ಬ್ರೇಕ್ ಇರುವುದೇ ಇಂಥ ಹೊತ್ತಿಗೆ!

ಅವಳ ಕಣ್ಣು ನೋಡಿತು. ಕಾಲು ತಡಮಾಡಿತು.

ಕಾರು ಕಿರುಗುಟ್ಟಿ ಸೈಕಲ್ಲಿನ ಚಕ್ರಕ್ಕೆ ತಾಗಿ ನಿಂತಿತು. ಚೀಲದ ಈರುಳ್ಳಿಯೆಲ್ಲ ರಸ್ತೆ ತುಂಬ ಉರುಳಿತು. ಹೆಂಗಸಿಗೆ ಏನೂ ಆಗಲಿಲ್ಲ. ಇಬ್ಬರಿಗೂ ಬಾಯ್ತುಂಬ ಬೈದು, ಈರುಳ್ಳಿ ಆರಿಸಿಕೊಂಡು ಹೋದಳು.

ಟೀಚರಮ್ಮ ಕಾರಿನಿಂದಿಳಿದು ರಸ್ತೆ ಬದಿಯ ಕಟ್ಟೆಯ ಮೇಲೆ ಕುಳಿತಳು. ಕೈಗಳನ್ನು ದುಪಟ್ಟಾದೊಳಗೆ ಬಚ್ಚಿಟ್ಟುಕೊಂಡಳು.

"ಎಷ್ಟು ದಿನದಿಂದ ಕಡಿಮೆ ಕುಡೀತಿದೀರಿ?" ಅವನು ಮೆಲ್ಲಗೆ ಕೇಳಿದ.

"ನೀವು ಕೇಳ್ತಿದೀರಾ? ನೀವು?!"

"ಹೌದು. ಕೇಳೋಕೆ ಮುಖ ಇಲ್ಲದಿದ್ರೂ ಕೇಳ್ತಿದೀನಿ."

ಅವಳು ಮುಖ ತಿರುಗಿಸಿದಳು. "ಇವತ್ತಿಂದ ಪಾಠ ಬಂದ್. ರಕ್ತ ಸರಿಹೋಗೋವರೆಗೂ ನಾನು ಯಾರನ್ನೂ ಕಾರು ಹತ್ತಿಸಲ್ಲ. ಹೋಗಿ."

ಮಾರನೇ ದಿನ ಅವನು ಪುಡಿಯ ಡಬ್ಬಿಗಳನ್ನು ಹೊತ್ತು ಮನೆ ಬಾಗಿಲಿಗೆ ಬಂದ.

"ದಾನ ಬೇಡ!" ಅವಳು ಬಾಗಿಲಿಗೆ ಅಡ್ಡ ನಿಂತಳು. "ನಮ್ಮಪ್ಪ ಬೆವರು ಸುರಿಸಿ ಕಂತು ಕಟ್ಟಿದಾನೆ. ನಂಗೆ ಬೇಕಾಗಿರೋದು ನನ್ನ ಹಕ್ಕು."

ಹಿಂದಿನಿಂದ ಬಂದ ಅಮ್ಮ ಅವಳನ್ನು ಪಕ್ಕಕ್ಕೆ ಸರಿಸಿ ಡಬ್ಬಿಗಳನ್ನು ಇಸಿದುಕೊಂಡಳು. "ಹಕ್ಕಿಗೆ ನಾಳೆ ಹೊಡೆದಾಡು. ಹೊಡೆದಾಡೋಕೆ ತಲೆ ನೆಟ್ಟಗಿರಬೇಕಲ್ಲ? ಮೊದಲು ಕುಡಿ! ಇನ್ನೊಂದು ಮಗೂನ ಹಾಗೆ ನೋಡೋ ಶಕ್ತಿ ನಂಗಿಲ್ಲ."

ಅವಳು ಅಡುಗೆಮನೆಗೆ ಹೋಗಿ, ನೀರಿಗೆ ಪುಡಿ ಕದಡಿ, ಗೋಡೆಗೆ ಮುಖ ಮಾಡಿ ಕುಡಿದಳು. ಅತ್ತದ್ದು ಯಾರಿಗೂ ಕಾಣದಿರಲೆಂದು.

ಬಾಗಿಲಲ್ಲಿದ್ದವನಿಗೆ ಕಂಡಿತ್ತು.

*

ವಿಚಾರಣೆಯ ದಿನ ಬಂತು.

ವಿಮೆಯ ದೂರುಗಳನ್ನು ಕೇಳುವ ಮಂಡಳಿಯ ಕೊಠಡಿ. ಎತ್ತರದ ಮೇಜಿನ ಹಿಂದೆ ಮೂವರು ಸದಸ್ಯರು, ನಡುವೆ ಬೆಳ್ಳಿಗೂದಲಿನ ಅಧ್ಯಕ್ಷೆ. ಒಂದು ಕಡೆ ಅವಳು ಮತ್ತು ಅಮ್ಮ. ಇನ್ನೊಂದು ಕಡೆ ಕಂಪನಿಯ ವಕೀಲ, ಅವನ ಪಕ್ಕದ ಕುರ್ಚಿಯಲ್ಲಿ... ಡಾಕ್ಟರು.

'ಕಂಪನಿಯ ಡಾಕ್ಟರು. ಅಲ್ಲೇ ಕೂರಬೇಕು. ಇನ್ನೆಲ್ಲಿ ಕೂರ್ತಾನೆ?' ಎಂದು ಸಮಾಧಾನ ಮಾಡಿಕೊಂಡಳು.

ವಕೀಲ ಎದ್ದ. "ಅರ್ಜಿದಾರರು ವಯಸ್ಕರು. ದಿನವೂ ಕಾರು ಓಡಿಸೋದು ಕಲಿಸ್ತಾರೆ. ಇಷ್ಟು ಗಟ್ಟಿಮುಟ್ಟಾಗಿರೋರಿಗೆ ಪುಡಿ ಯಾಕೆ? ಅಲ್ಲ, ಕಾಯಿಲೆ ಅಷ್ಟು ಗಂಭೀರ ಅನ್ನೋದಾದ್ರೆ ಇನ್ನೊಂದು ಪ್ರಶ್ನೆ. ಮೊನ್ನೆ ಮಾರುಕಟ್ಟೆ ರಸ್ತೆಯಲ್ಲಿ ಇವರ ಕಾಲು ಬ್ರೇಕಿಗೆ ಹೋಗದೆ ಅಪಘಾತ ಆಗೋದರಲ್ಲಿತ್ತು. ಇವರ ಪರವಾನಗಿ ಬಗ್ಗೆ ಸಾರಿಗೆ ಇಲಾಖೆಗೆ ತಿಳಿಸಬೇಕಾಗುತ್ತೆ."

ಆ ಕಾರಿನಲ್ಲಿ ಇದ್ದದ್ದು ಇಬ್ಬರೇ.

ಅವಳು ಅವನತ್ತ ತಿರುಗಿದಳು. ಅವನ ಮುಖ ಸುಣ್ಣದಂತೆ ಬಿಳುಚಿತ್ತು.

'ನಗಿಸಿದ್ದು, ಕೇಳಿದ್ದು, ಅಣ್ಣನ ಜೊತೆ ಆಡಿದ್ದು... ಎಲ್ಲ ಇದಕ್ಕಾ?'

ಎದ್ದು ಹೋಗಿಬಿಡಬೇಕು ಅನ್ನಿಸಿತು. ಅಮ್ಮನ ಒರಟು ಕೈ ಅವಳ ಮೊಣಕೈ ಮೇಲೆ ಬಿತ್ತು. ಅವಳು ಎದ್ದಳು. ಬಾಗಿಲಿಗಲ್ಲ, ಮಾತಿಗೆ.

"ಹೌದು, ನನ್ನ ಕಾಲು ತಡವಾಯ್ತು," ಎಂದಳು. ದನಿ ಗಟ್ಟಿಯಾಗಿತ್ತು. "ಯಾಕೆ ಅಂತ ವಕೀಲರು ಹೇಳಲಿಲ್ಲ. ನಾನು ಹೇಳ್ತೀನಿ. ನೀವು ಪುಡಿ ನಿಲ್ಲಿಸಿದ್ರಿ. ಇಷ್ಟು ವರ್ಷ ತಪ್ಪದ ಕಾಲು, ನಿಮ್ಮ ಸಹಿ ಬಿದ್ದಮೇಲೆ ತಪ್ಪಿತು. ಅವತ್ತೇ ನಾನಾಗಿ ಪಾಠ ನಿಲ್ಲಿಸಿದೀನಿ. ಯಾವ ಇಲಾಖೆಗೆ ಬೇಕಾದ್ರೂ ತಿಳಿಸಿ, ನನ್ನ ರಕ್ತದ ಪರೀಕ್ಷೆ ನಾನೇ ತಗೊಂಡು ಹೋಗಿ ಕೊಡ್ತೀನಿ!"

ಅಧ್ಯಕ್ಷೆ ಮುಂದಕ್ಕೆ ಬಾಗಿದರು. "ಇದು ಆಹಾರವೋ ಔಷಧಿಯೋ? ನಮ್ಮ ಮುಂದಿರೋ ಪ್ರಶ್ನೆ ಅದು."

"ಮೇಡಂ, ಆಹಾರ ಆಗಿದ್ರೆ ಒಂದು ಹೊತ್ತು ಬಿಟ್ರೆ ಹಸಿವಾಗ್ತಿತ್ತು. ಇದನ್ನ ಬಿಟ್ರೆ ಬುದ್ಧಿ ಹೋಗುತ್ತೆ. ನಮ್ಮಮ್ಮನಿಗೆ ಇಬ್ಬರು ಮಕ್ಕಳು. ಒಂದೇ ರಕ್ತ, ಒಂದೇ ಕಾಯಿಲೆ. ಒಬ್ಬರಿಗೆ ಪುಡಿ ಸಿಕ್ತು. ಅವಳು ನಿಮ್ಮೆದುರು ನಿಂತು ಜಗಳ ಆಡ್ತಿದಾಳೆ. ಇನ್ನೊಬ್ಬರಿಗೆ ಸಿಗಲಿಲ್ಲ. ಅವನು ಮನೇಲಿ ಗುಂಡಿ ಆರಿಸ್ತಾ ಕೂತಿದಾನೆ. ಅವನನ್ನ ಇಲ್ಲಿಗೆ ಕರ್ಕೊಂಡು ಬಾ ಅಂತ ಎಲ್ಲರೂ ಹೇಳಿದ್ರು. ನಾನು ತರಲಿಲ್ಲ. ನಮ್ಮಣ್ಣ ಸಾಕ್ಷಿ ಸಾಮಾನಲ್ಲ, ಮನುಷ್ಯ! ನನ್ನ ಮಾತು ನಂಬೋದಾದ್ರೆ ನಂಬಿ."

ಆಗ ಎದುರು ಬದಿಯ ಕುರ್ಚಿ ಸರಿಯಿತು.

"ಆ ಸಹಿ ನನ್ನದು," ಎಂದ ಡಾಕ್ಟರು. "ಅದು ತಪ್ಪು. ಅರ್ಜಿಯಲ್ಲಿ 'ಪೌಷ್ಟಿಕ ಪುಡಿ' ಅಂತ ಒಂದು ಪದ ಇತ್ತು. ಅದೊಂದನ್ನೇ ನೋಡಿ ಸಹಿ ಹಾಕಿದೆ. ರಸ್ತೆಯ ಘಟನೆಯನ್ನ ನನ್ನ ಹೊಸ ಅಭಿಪ್ರಾಯದಲ್ಲಿ ಬರೆದದ್ದೂ ನಾನೇ, ಚಿಕಿತ್ಸೆ ನಿಲ್ಲಿಸಿದ್ರಿಂದ ಹೀಗಾಯ್ತು, ತಕ್ಷಣ ಮತ್ತೆ ಶುರು ಮಾಡಿ ಅಂತ. ನಮ್ಮ ವಕೀಲರು ಅರ್ಧ ಓದಿ ಅರ್ಧ ಬಿಟ್ಟಿದಾರೆ. ಅಭಿಪ್ರಾಯ ಪೂರ್ತಿ ಓದಬೇಕು ಅಂತ ಕೇಳ್ಕೋತೀನಿ."

ವಕೀಲ ಕೆಂಗಣ್ಣು ಬಿಟ್ಟ. "ನೀವು ಈ ಅರ್ಜಿದಾರರ ಹತ್ರಾನೇ ಕಾರು ಕಲೀತಿದೀರಂತೆ, ಹೌದಾ?"

"ಹೌದು. ಇನ್ನೂ ಬಂದಿಲ್ಲ."

ಅಧ್ಯಕ್ಷೆಯ ತುಟಿಯಂಚಿನಲ್ಲಿ ನಗು ಸುಳಿಯಿತು. ಪೂರ್ತಿ ಓದಿ ಆದೇಶ ಕೊಡುವುದಾಗಿ ಹೇಳಿ ಅವರು ಎದ್ದರು.

ಹೊರಗಿನ ಮೆಟ್ಟಿಲಿನಲ್ಲಿ ಅವನು ಓಡುತ್ತ ಬಂದ. "ಮೇಡಂ... ನಿಮ್ಮ ಪರವಾಗಿಯೇ ಬರೆದೆ."

"ನನ್ನ ಪರವಾಗಿ ಬರೆಯೋಕೆ ಮುಂಚೆ ನನ್ನ ಹತ್ರ ಬರಬೇಕಿತ್ತು!" ಅವಳ ಕಣ್ಣು ಉರಿಯುತ್ತಿತ್ತು. "ನನ್ನ ಕೈ, ನನ್ನ ನಡುಕ, ನನ್ನ ಹೊಟ್ಟೆಪಾಡು. ಅದನ್ನ ಯಾರಿಗೆ ಹೇಳಬೇಕು ಅಂತ ತೀರ್ಮಾನ ಮಾಡೋಳು ನಾನು. ಮೊದಲು ಕೇಳದೆ ಬೇಡ ಅಂತ ಬರೆದ್ರಿ. ಆಮೇಲೆ ಕೇಳದೆ ಬೇಕು ಅಂತ ಬರೆದ್ರಿ. ಏನು ವ್ಯತ್ಯಾಸ?"

"ತಪ್ಪಾಯ್ತು," ಎಂದ ಅವನು. "ಎರಡೂ ಸಲ."

"ಇನ್ನು ಬರಬೇಡಿ."

ಅವನು ಬರಲಿಲ್ಲ.

*

ಆದೇಶ ಬಂತು. ಪುಡಿ ಚಿಕಿತ್ಸೆಯೇ ಹೊರತು ಆಹಾರವಲ್ಲ. ವಯಸ್ಸಿನ ಮಿತಿ ಇಲ್ಲ. ಆ ಕಂಪನಿಯ ವಿಮೆ ಮಾಡಿಸಿರುವ, ಇಂಥದೇ ಕಾಯಿಲೆಯ ಎಲ್ಲರಿಗೂ ಇದು ಅನ್ವಯ!

ಅಮ್ಮ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತಳು. ಅಣ್ಣ ಕಾರಣ ತಿಳಿಯದೆ ಅವಳ ಬೆನ್ನು ಸವರಿದ.

ಅವಳು ತಿನ್ನಬಹುದಾದ, ಪ್ರೋಟೀನ್ ಕಡಿಮೆ ಮಾಡಿದ ವಿಶೇಷ ಹಿಟ್ಟಿನ ಖರ್ಚು ಮಾತ್ರ ಕೊಡಲಾಗದು ಎಂದು ಅದೇ ಆದೇಶದಲ್ಲಿತ್ತು. "ಹಾಗಾದ್ರೆ ಹಿಟ್ಟಿಗೆ ಇನ್ನೊಂದು ಮೇಲ್ಮನವಿ!" ಎಂದಳು ಅವಳು, ಕಣ್ಣೀರು ಒರೆಸಿಕೊಳ್ಳುವ ಮೊದಲೇ. ಸುದ್ದಿ ತಿಳಿದು ಬೇರೆ ಬೇರೆ ಮನೆಗಳಿಂದ ಫೋನುಗಳು ಬರತೊಡಗಿದವು. ಅವಳು ಎಲ್ಲರಿಗೂ ದಾರಿ ಹೇಳಿದಳು, ಕೆಲವರಿಗೆ ಧೈರ್ಯ, ಕೆಲವರಿಗೆ ಬೈಗುಳ.

ರಕ್ತದಲ್ಲಿನ ಆ ಅಂಶ ಹಿಡಿತಕ್ಕೆ ಬಂತು. ಸಾರಿಗೆ ಇಲಾಖೆಯವರು ಪರೀಕ್ಷಿಸಿ ಪರವಾನಗಿ ಉಳಿಸಿದರು. ಹಳದಿ ಕಾರು ಮತ್ತೆ ಬೀದಿಗಿಳಿಯಿತು.

ಎಲ್ಲ ಸರಿಹೋಯಿತು... ಒಂದನ್ನು ಬಿಟ್ಟು.

ಸಂಜೆಯಾದರೆ ಅಣ್ಣ ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದ. "ಪೀಂ ಪೀಂ?" ಎಂದು ಕೇಳುತ್ತಿದ್ದ. ಒಂದು 'ಪೀಂ' ಅಂದರೆ ಅವಳು. ಎರಡು ಅಂದರೆ ಡಾಕ್ಟರು.

"ಬರಲ್ಲ ಕಣೋ ಅಣ್ಣ," ಎನ್ನುತ್ತ ಅವಳೂ ಒಮ್ಮೆ ಬೀದಿಯ ಕಡೆ ನೋಡುತ್ತಿದ್ದಳು. ಅವನು ಕಂಪನಿ ಬಿಟ್ಟನಂತೆ ಎಂದಷ್ಟೇ ಅವಳಿಗೆ ತಿಳಿದಿತ್ತು.

*

ರಕ್ತ ಪರೀಕ್ಷೆಗೆಂದು ಸರ್ಕಾರಿ ಆಸ್ಪತ್ರೆಗೆ ಹೋದ ದಿನ, ವಂಶವಾಹಿ ಕಾಯಿಲೆಗಳ ವಿಭಾಗದ ಬಾಗಿಲಲ್ಲಿ ಅವಳ ಕಾಲು ನೆಲಕ್ಕೆ ಅಂಟಿತು.

ಒಳಗೆ ಅವನು!

ಎದುರಿನ ಕುರ್ಚಿಯಲ್ಲಿ ಬಾಣಂತಿಯೊಬ್ಬಳು ಎಳೆಗೂಸನ್ನು ಎದೆಗವಚಿಕೊಂಡು ಬಿಕ್ಕುತ್ತಿದ್ದಳು. ಮಗುವಿಗೆ ಪಿ.ಕೆ.ಯು. ಎಂದು ಆಗಷ್ಟೇ ತಿಳಿದಿತ್ತು.

"ನನ್ನ ಮಗು ಎಲ್ಲರ ಥರ ಆಗುತ್ತಾ ಡಾಕ್ಟ್ರೇ? ಸುಳ್ಳು ಹೇಳಬೇಡಿ..."

ಅವನ ಕಣ್ಣೂ ಒದ್ದೆಯಾಗಿತ್ತು. ಆದರೆ ಅವನು ಎದ್ದು ಹೋಗಲಿಲ್ಲ. ಕುರ್ಚಿ ಬಿಟ್ಟು ಅವಳೆದುರು ನೆಲದ ಮೇಲೆ ಮಂಡಿಯೂರಿ ಕುಳಿತ. "ಸುಳ್ಳು ಹೇಳಲ್ಲಮ್ಮ. ಕಷ್ಟ ಇದೆ. ಆದ್ರೆ ಈ ಕಾಯಿಲೆ ಇರೋರೊಬ್ಬರು ನಂಗೆ ಗೊತ್ತು. ಅವರಷ್ಟು ಧೈರ್ಯ, ಬುದ್ಧಿ ನಂಗೂ ಇದ್ದಿದ್ರೆ ಅನ್ನಿಸುತ್ತೆ ಒಂದೊಂದು ಸಲ..."

ಬಾಗಿಲಲ್ಲಿ ನಿಂತವಳಿಗೆ ಇನ್ನು ತಡೆಯಲಾಗಲಿಲ್ಲ.

"ನನ್ನನ್ನ ನೋಡಿ ತಾಯಿ," ಎಂದು ಒಳಗೆ ನಡೆದಳು. "ಅವರು ಹೇಳಿದ್ದು ನನ್ನನ್ನೇ. ಕಾರು ಓಡಿಸೋದು ಕಲಿಸ್ತೀನಿ. ಜಗಳ ಆಡ್ತೀನಿ. ಲೆಕ್ಕದಲ್ಲಿ ದಡ್ಡಿ, ಆದ್ರೆ ಅದು ಕಾಯಿಲೆಯಿಂದಲ್ಲ, ನಮ್ಮಪ್ಪನಿಂದ ಬಂದಿದ್ದು!"

ಬಾಣಂತಿ ಅಳುತ್ತಲೇ ನಕ್ಕುಬಿಟ್ಟಳು. ಅವಳ ಕೈಯಿಂದ ಮಗುವನ್ನು ಎತ್ತಿಕೊಂಡು ಟೀಚರಮ್ಮ ಬಹಳ ಹೊತ್ತು ಮಾತಾಡಿದಳು. ಪುಡಿಯನ್ನು ತಣ್ಣೀರಲ್ಲಿ ಕದಡುವುದು ಹೇಗೆ, ಮಗು ಮುಖ ತಿರುಗಿಸಿದರೆ ಏನು ಮಾಡುವುದು, ಯಾರಾದರೂ 'ಇಲ್ಲ' ಎಂದು ಸಹಿ ಹಾಕಿದರೆ ಯಾರ ಬಾಗಿಲು ಬಡಿಯುವುದು...

ಬಾಣಂತಿ ಹೋದ ಮೇಲೆ ಕೋಣೆಯಲ್ಲಿ ಇಬ್ಬರೇ ಉಳಿದರು.

"ಇಲ್ಲಿಗೆ ಯಾವಾಗ ಸೇರಿದ್ರಿ?"

"ಹೋದ ತಿಂಗಳು. ಸಂಬಳ ಅರ್ಧ, ನಿದ್ದೆ ಪೂರ್ತಿ."

"ಮನೆಗೆ ಯಾಕೆ ಬರಲಿಲ್ಲ?"

"ನೀವೇ ಬರಬೇಡಿ ಅಂದಿರಿ. ನಿಮ್ಮನ್ನ ಕೇಳದೆ ಇನ್ನೇನೂ ಮಾಡಬಾರದು ಅಂತ..."

"ಅಣ್ಣ ದಿನಾ ಬಾಗಿಲು ಕಾಯ್ತಾನೆ."

"ಅಣ್ಣ ಮಾತ್ರಾನಾ?"

"ಅಮ್ಮಾನೂ ಕೇಳ್ತಿರ್ತಾಳೆ."

"ಅಮ್ಮ ಮಾತ್ರಾನಾ?"

"ಇದೇನ್ರೀ, ಪಾಟೀಸವಾಲಾ?!" ಅವಳ ಕೆನ್ನೆ ಬಿಸಿಯಾಯಿತು. ಒಂದು ಉಸಿರು ಎಳೆದುಕೊಂಡಳು. "ಕೇಳಿಸ್ಕೊಳ್ಳಿ, ಒಂದೇ ಸಲ ಹೇಳ್ತೀನಿ. ನನ್ನ ತಟ್ಟೆಯ ಊಟ ಬೇರೆ, ನಿಮ್ಮ ತಟ್ಟೆಯ ಊಟ ಬೇರೆ. ಮನೇಲಿ ಆ ವಾಸನೆ ಯಾವತ್ತೂ ಇರುತ್ತೆ. ಅಮ್ಮನ ನಂತರ ಅಣ್ಣ ನನ್ನ ಜೊತೆ ಇರ್ತಾನೆ. ಮಕ್ಕಳು ಬೇಕು ಅಂದ್ರೆ ನನ್ನ ರಕ್ತ ಮೊದಲಿಂದಲೇ ಹಿಡಿತದಲ್ಲಿರಬೇಕು, ಕಾಯಿಲೆ ನಿಮ್ಮ ಕಡೆಯಿಂದಲೂ ಇಳಿಯುತ್ತಾ ಅಂತ ನಿಮ್ಮ ರಕ್ತಾನೂ ಪರೀಕ್ಷೆ ಆಗಬೇಕು. ಇದಕ್ಕೆಲ್ಲ ಕರುಣೆ ತೋರಿಸೋ ಗಂಡ ನಂಗೆ ಬೇಡ."

"ಕರುಣೆನಾ? ನಿಮ್ಮ ಮೇಲಾ?" ಅವನು ನಕ್ಕ. "ನಿಮ್ಮನ್ನ ಕಂಡ್ರೆ ನಂಗೆ ಹೆದರಿಕೆ! ಹೆದರಿಕೆ... ಮತ್ತೆ ಹೇಳಲಾರದಷ್ಟು ಪ್ರೀತಿ. ನನ್ನ ರಕ್ತದ ಪರೀಕ್ಷೆ ಆಗಿದೆ."

ಅವಳು ಬೆಚ್ಚಿದಳು. "ಯಾವಾಗ?!"

"ಇಲ್ಲಿ ಸೇರಿದ ವಾರಾನೇ."

"ಅಷ್ಟು ಧೈರ್ಯಾನಾ? ನಾನು ಒಪ್ಪದೇ ಇದ್ದಿದ್ರೆ?"

"ಒಂದು ಹನಿ ರಕ್ತ ದಂಡ ಆಗ್ತಿತ್ತು, ಅಷ್ಟೇ."

"ಏನು ಬಂತು ಅದರಲ್ಲಿ?"

"ಹೇಳ್ತೀನಿ. ಆದ್ರೆ ಅದರಲ್ಲಿ ಏನೇ ಇದ್ರೂ ನನ್ನ ಉತ್ತರ ಒಂದೇ. ಅದನ್ನ ಮೊದಲು ಕೇಳಿ."

"ಹಾಗಾದ್ರೆ ಫಲಿತಾಂಶ ನಾಳೆ ಹೇಳಿ," ಎಂದಳು ಅವಳು ತಲೆಯೆತ್ತಿ. "ಏನೇ ಬಂದಿರಲಿ, ಇಬ್ಬರೂ ಸೇರಿ ಎದುರಿಸೋಣ. ಇವತ್ತು ಉತ್ತರ ಸಾಕು."

ಅವನು ಹೇಳಿದ. ಎಷ್ಟು ಮೆಲ್ಲಗೆಂದರೆ ಅವಳಿಗೆ ಮಾತ್ರ ಕೇಳುವಷ್ಟು.

ಬಾಗಿಲಲ್ಲಿ ನರ್ಸಮ್ಮ ಇಣುಕಿದಳು. "ಡಾಕ್ಟ್ರೇ, ಇವರ ರಕ್ತ ತೆಗೆಯೋದು ಬಾಕಿ ಇದೆ. ಹೊರಗೆ ಸಾಲು ನಿಂತಿದೆ!"

ಅವಳು ಕೈ ಮುಂದೆ ಚಾಚಿದಳು. ಬೆರಳು ಒಂದಿಷ್ಟೂ ನಡುಗಲಿಲ್ಲ. ನಡುಗುತ್ತಿದ್ದದ್ದು ಅವನ ಕೈ. ಸೂಜಿ ಚುಚ್ಚಿತು, ಕೆಂಪು ಹನಿ ಮೂಡಿತು. ಅವನು ಅದನ್ನು ಕಾಗದಕ್ಕೆ ಒತ್ತಿ, ಬೆರಳಿಗೆ ಹತ್ತಿಯಿಟ್ಟ.

"ನೋವಾಯ್ತಾ?"

"ಇಲ್ಲ... ಕೈ ಬಿಡಬೇಡಿ."

"ರಕ್ತ ತೆಗೆದಾಯ್ತಲ್ಲ, ಮೇಡಂ?"

"ಗೊತ್ತು," ಎಂದಳು ಅವಳು. "ಬಿಡಬೇಡಿ."